ದೊಡ್ಡ ಗ್ವಾದ್ಲಿ ಮನೆಯ ಬಿಳಿ ಮಾರುತಿ

ಮನುಷ್ಯ ಅಂದಮೇಲೆ ಏನಾದರೂ ಒಂದು ಹುಚ್ಚು ಇರಬೇಕು ಬಿಡಿ, ಇಲ್ಲದಿದ್ದರೆ ಅವನ ಬಗ್ಗೆ ನಾಕು ಮಾತು ಹೇಳುವುದಾದರೂ ಹೆಂಗೆ? ಶಾಮನೂರಿನ ಕರಿಬಸವರಾಜನಿಗೆ ಇದ್ದದ್ದು ಎತ್ತಿನ ಹುಚ್ಚು. ಇರಲಿ, ರೈತನಿಗೆ ಇರಬೇಕಾದದ್ದೇ. ಆದರೆ ಕೊಟ್ಟಿಗೆಯಲ್ಲಿ ಎತ್ತೇ ಇಲ್ಲದ ಮೇಲೂ ಅದು ಇಳಿಯಲಿಲ್ಲ ನೋಡಿ, ಫಜೀತಿ ಶುರುವಾದದ್ದು ಅಲ್ಲಿಂದ.

ಅವನ ಮನೆಗೆ ಓಣಿಯಲ್ಲಿ ದೊಡ್ಡ ಗ್ವಾದ್ಲಿ ಮನೆ ಅಂತ ಹೆಸರು. ಗ್ವಾದ್ಲಿ ಅಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಮುತ್ತಜ್ಜ ಕಲ್ಲಿನಲ್ಲಿ ಕಟ್ಟಿಸಿದ್ದು, ಆರು ಎತ್ತು ಸಾಲಾಗಿ ನಿಂತು ಮೇಯುವಷ್ಟು ಉದ್ದ. ದಾವಣಗೆರೆ ಜಿಲ್ಲೆಯಾಗಿ ವರ್ಷ ತುಂಬುವಷ್ಟರಲ್ಲಿ ಊರ ಹೊಲಗಳೆಲ್ಲ ಸೈಟುಗಳಾಗಿ, ಜೋಳ ಬೆಳೆಯುವ ಕಡೆ ಕಲ್ಲುಕಂಬ ಬೆಳೆದವು. ಕರಿಬಸವರಾಜನ ನಾಲ್ಕೆಕರೆಯೂ ಹೋಯಿತು. ಜೋಡೆತ್ತಿನಲ್ಲಿ ಒಂದು ಅದಾಗಲೇ ಮುಪ್ಪಾಗಿ ಸತ್ತಿತ್ತು. ಉಳಿದದ್ದು ಬೆಳ್ಳ್ಯ. ಹಾಲಿನಂಥ ಬಿಳುಪು, ಕತ್ತೆಯಂಥ ಹಟ. ಉಳುವುದಕ್ಕೆ ಹೊಲವಿಲ್ಲದೆ ಕಟ್ಟಿ ಹಾಕಿದರೆ ಎತ್ತು ಕೊರಗುತ್ತದೆ ಅಂತ ಅದನ್ನು ಹರಿಹರದ ಕೊಟ್ರವ್ವ ಅನ್ನುವ ರೈತ ಹೆಂಗಸಿಗೆ ಕೊಟ್ಟ. ಕೊಟ್ಟ ದಿನ ಕರಿಬಸವರಾಜ ಊಟ ಮಾಡಲಿಲ್ಲ. ಅವನ ಮಗ ವೀರೇಶ್, ವಿದ್ಯಾನಗರದ ಕಾಲೇಜೊಂದರಲ್ಲಿ ಗುಮಾಸ್ತ, ಒಂದು ಹಳೇ ಬಿಳಿ ಮಾರುತಿ ಕಾರು ತಂದ. ನಿಲ್ಲಿಸಲು ಬೇರೆ ಜಾಗವಿರಲಿಲ್ಲ. ಕೊಟ್ಟಿಗೆಯಲ್ಲಿ, ಬೆಳ್ಳ್ಯ ನಿಲ್ಲುತ್ತಿದ್ದ ಜಾಗದಲ್ಲೇ, ಗ್ವಾದ್ಲಿಗೆ ಮೂತಿ ಮಾಡಿ ನಿಲ್ಲಿಸಿದರು.

ಕರಿಬಸವರಾಜ ಐವತ್ತೆಂಟನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತ. ಸುಮಾರಾಗೇ ಕಲಿತ, ಸುಳ್ಳು ಯಾಕೆ ಹೇಳಲಿ. ಆದರೆ ಹೊರಡುವಾಗ ನಾಲಗೆಯಲ್ಲಿ ‘ಟ್ಟ ಟ್ಟ’ ಅನ್ನುವುದು, ನಿಲ್ಲಿಸುವಾಗ ‘ಹೋ... ಹೋ...’ ಅನ್ನುವುದು ಮಾತ್ರ ಬಿಡಲಿಲ್ಲ. ಒಮ್ಮೆ ದಾವಣಗೆರೆ ಪೇಟೆಯಲ್ಲಿ ಪೊಲೀಸ್ ಒಬ್ಬ ಕೈ ಅಡ್ಡ ಹಿಡಿದಾಗ ಇವನು ಕಿಟಕಿಯಿಂದ ತಲೆ ಹೊರಹಾಕಿ “ಹೋ ಹೋ ಹೋ” ಅಂದ. ಪೊಲೀಸಿನವನು ತನ್ನನ್ನೇ ಅಂದನೆಂದು ತಿಳಿದು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿದ.

ಅಷ್ಟರಲ್ಲಿ ಬಂತಲ್ಲ ಕಾರಹುಣ್ಣಿಮೆ. ಅವತ್ತು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಊರ ಅಗಸೆಬಾಗಿಲಿಗೆ ಅಡ್ಡ ಕಟ್ಟಿದ, ಬೇವಿನೆಲೆ, ಕೊಬ್ಬರಿ ಬಟ್ಟಲು ತೂಗುವ ಹಗ್ಗದ ಕಡೆ ಓಡಿಸುತ್ತಾರೆ. ಆ ಹಗ್ಗವೇ ಕರಿ. ಬಿಳಿ ಎತ್ತು ಕರಿ ಹರಿದರೆ ಬಿಳಿ ಬೆಳೆ ಚೆನ್ನಾಗಿ ಬರುತ್ತದೆ, ಕೆಂದೆತ್ತು ಹರಿದರೆ ಕೆಂಪು ಬೆಳೆ. ಓಡಿಸುವ ಮುಂಚೆ ಮುದುಕ ದುರುಗಣ್ಣ ಕಟ್ಟೆ ಹತ್ತಿ ಒಂದೊಂದೇ ಮನೆಯ ಹೆಸರು ಕೂಗುತ್ತಾನೆ. ಕೂಗುವ ಹಕ್ಕು ತಲೆತಲಾಂತರದಿಂದ ಅವನ ಮನೆಯವರದು. ಮೊದಲ ಕೂಗು ಯಾವಾಗಲೂ ಒಂದೇ: “ದೊಡ್ಡ ಗ್ವಾದ್ಲಿ ಮನಿ ಎತ್ತು ಬಂತಾ?” ಮನೆಯ ಯಜಮಾನ “ಬಂತು!” ಅನ್ನಬೇಕು. ಆ ಮನೆಯ ಗ್ವಾದ್ಲಿಗೇ ನಿಲ್ಲುವ ಎತ್ತಾಗಿರಬೇಕು, ಎರವಲು ತಂದದ್ದು ನಡೆಯುವುದಿಲ್ಲ. ಉತ್ತರ ಬರಲಿಲ್ಲವೋ, ಮುಂದಿನ ವರ್ಷದಿಂದ ಆ ಮನೆಯ ಹೆಸರು ಕೂಗುವುದಿಲ್ಲ. ಎರಡು ಮನೆಗಳಿಗೆ ಹಾಗೆ ಆಗಿತ್ತು. ಆ ಮನೆಯವರು ಈಗಲೂ ಕಾರಹುಣ್ಣಿಮೆ ಸಂಜೆ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಾರೆ.

ಕರಿಬಸವರಾಜನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ “ಬಂತು” ಅಂದವರೇ. ಇವನ ಕಾಲಕ್ಕೆ ಆ ಕೂಗಿಗೆ ಉತ್ತರ ಇಲ್ಲದಂತಾದರೆ? ನೆನೆಸಿಕೊಂಡಾಗಲೆಲ್ಲ ಎದ್ದು ಹೋಗಿ ಖಾಲಿ ಗ್ವಾದ್ಲಿಯನ್ನು ಟವಲಿನಿಂದ ಒರೆಸಿ ಬರುತ್ತಿದ್ದ.

ಹಬ್ಬಕ್ಕೆ ಐದು ದಿನ ಮುಂಚೆ ಕಾರು ಹತ್ತಿ ಹರಿಹರಕ್ಕೆ ಹೋದ. ಹೊಳೆಯ ಹತ್ತಿರ ಕೊಟ್ರವ್ವನ ತೋಟ. ಬೆಳ್ಳ್ಯ ಬೂಸಾ ತಿನ್ನುತ್ತಿತ್ತು.

“ಕೊಟ್ರವ್ವ, ಬೆಳ್ಳ್ಯನ್ನ ನಾಕು ದಿನದ ಮಟ್ಟಿಗೆ ಕಳಿಸಿಕೊಡವ್ವ. ನಮ್ಮ ಗ್ವಾದ್ಲಿಗೆ ಕಟ್ಟಿ, ಹಬ್ಬ ಮುಗಿಸಿ ತಂದುಬಿಡ್ತೀನಿ.”

“ಅಯ್ಯೋ ಅಣ್ಣ, ಹಬ್ಬದ ದಿನ ಮನಿ ಎತ್ತನ್ನ ಯಾರಾರ ಹೊರಗೆ ಕಳಿಸ್ತಾರೇನ್ರಿ? ನಮ್ಮೂರಾಗೂ ಕರಿ ಐತೆ. ಮಗಳನ್ನ ಕೊಟ್ಟಮೇಲೆ ಗೌರಿ ಹಬ್ಬಕ್ಕೆ ಕರೀರಿ, ಬ್ಯಾಡ ಅನ್ನಂಗಿಲ್ಲ. ಎತ್ತನ್ನ ಹಂಗೆ ಕರಿಯೋ ಪದ್ಧತಿ ಇಲ್ಲ.”

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕರಿಬಸವರಾಜ ಬೆಳ್ಳ್ಯನ ಹತ್ತಿರ ಹೋಗಿ ಗಂಗೆದೊಗಲು ಸವರಿದ. ಬೆಳ್ಳ್ಯ ಒಮ್ಮೆ ತಲೆಯೆತ್ತಿ ನೋಡಿ, ಬುಸ್ ಅಂತ ಉಸಿರುಬಿಟ್ಟು, ಮತ್ತೆ ಬೂಸಾಕ್ಕೆ ಬಾಯಿ ಹಾಕಿತು. ಎಂಥಾ ಉಪಕಾರಗೇಡಿ ಪ್ರಾಣಿ ಅಂತ ಬೈದುಕೊಳ್ಳುತ್ತ, ಕಣ್ಣು ಒರೆಸಿಕೊಳ್ಳುತ್ತ ಕಾರು ಹತ್ತಿದ.

ವಾಪಸ್ ಬರುವಾಗ ಮುಂದಿನ ಚಕ್ರದಲ್ಲಿ ಕಿರ್ರೋ ಅಂತ ಸದ್ದು. ಹರಿಹರದಲ್ಲೇ ಹಯಾತ್ ಸಾಬ್ ಅಂತ ಮೆಕ್ಯಾನಿಕ್, ನಲವತ್ತು ವರ್ಷದ ಅನುಭವ, ಅವನ ಶೆಡ್ಡಿಗೆ ಹೋದ. ಹಯಾತ್ ಸಾಬ್ ಜಾಕ್ ಕೊಟ್ಟು ಚಕ್ರ ಬಿಚ್ಚಿ, ಒಳಗೆ ಸಿಕ್ಕಿದ್ದ ಕಲ್ಲಿನ ಚೂರು ತೆಗೆದು ಬಿಸಾಕಿದ. ಕರಿಬಸವರಾಜ ಬಗ್ಗಿ ನೋಡಿದ. ಹೊಳೆಯುವ ಒಂದು ತಟ್ಟೆ, ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿದ ತುಕ್ಕು ಹತ್ತಿದ ಕಬ್ಬಿಣದ ಮುದ್ದೆ.

“ಇದೇನು ಸಾಬ್ರೆ?”

“ಕ್ಯಾಲಿಪರ್ ಅಂತಾರ್ರಿ ಸಾವ್ಕಾರ್ರೆ. ನೀವು ಅಲ್ಲಿ ಬ್ರೇಕ್ ಮೇಲೆ ಕಾಲಿಟ್ರಿ ಅನ್ನಿ, ಆ ಒತ್ತು ಸೀದಾ ಇದರ ಮೇಲೇ ಬೀಳೋದು. ಇದು ತಟ್ಟೆನ ಗಟ್ಟಿಯಾಗಿ ಹಿಡೀತದೆ. ಗಾಡಿ ಖಡಕ್ ನಿಲ್ತದೆ.”

“ಅಂದ್ರೆ ಮೂಗುದಾರ ಅನ್ನಿ.”

“ಹೌದು ನೋಡಿ, ಬಿಲ್ಕುಲ್ ಮೂಗುದಾರ.”

ಹಯಾತ್ ಸಾಬ್ ಮಾತಿಗೆ ಹೇಳಿದ್ದು. ಕರಿಬಸವರಾಜನ ತಲೆಯಲ್ಲಿ ಅದು ಬೇರೂರಿ, ದಾವಣಗೆರೆ ಮುಟ್ಟುವಷ್ಟರಲ್ಲಿ ಮರವಾಗಿತ್ತು. ಮೂಗುದಾರ ಇರುವ, ಗ್ವಾದ್ಲಿಗೆ ಮೂತಿ ಮಾಡಿ ನಿಲ್ಲುವ ಬಿಳಿ ಪ್ರಾಣಿ ಮನೆಯಲ್ಲೇ ಇರುವಾಗ ಎತ್ತಿಗಾಗಿ ಊರೂರು ಅಲೆಯುವುದು ಯಾಕೆ?

ಸೀದಾ ದುರುಗಣ್ಣನ ಮನೆಗೆ ಹೋಗಿ ವಿಷಯ ಇಟ್ಟ. ದುರುಗಣ್ಣ ಎಲೆಯಡಿಕೆ ಮೆಲ್ಲುತ್ತಲೇ ವಿಚಾರಣೆ ಶುರುಮಾಡಿದ.

“ಯಜಮಾನ್ರೆ, ಹಬ್ಬಕ್ಕೆ ಬಣ್ಣ ಹಚ್ಚಿರ್ತೈತಾ?”

“ಹಚ್ಚಿರ್ತೈತೆ.”

“ನಿಮ್ಮದೇ ಗ್ವಾದ್ಲಿಗೆ ನಿಲ್ತೈತಾ?”

“ದಿನಾ ನಿಲ್ತೈತೆ. ಬಂದು ನೋಡು.”

“ಹಂಗಾರೆ ಬರ್ರಿ. ಆದ್ರೆ ಕರಿಗಿಂತ ಹತ್ತು ಮಾರು ಹಿಂದೆ ನಿಂತು ‘ಬಂತು’ ಅನ್ನಬೇಕು. ಕರಿ ಹರಿಯೋದು ಮಾತ್ರ ನಾಕು ಕಾಲಿನ ಎತ್ತೇ. ಅದರಾಗೆ ರಾಜಿ ಇಲ್ಲ.”

ಇನ್ನು ಬಣ್ಣದ ಮಾತು. ವೀರೇಶ್ ಮೊದಲೇ ಕಟ್ಟಪ್ಪಣೆ ಮಾಡಿದ್ದ: “ಅಪ್ಪ, ಕಾರಿನ ಮೈಗೆ ಒಂದು ಹನಿ ಬಣ್ಣ ತಾಗಿದ್ರೂ ನಾನು ಮನಿ ಬಿಡ್ತೀನಿ.” ಬಣ್ಣ ಹಚ್ಚಬೇಕು, ಮೈಗೆ ಹಚ್ಚಬಾರದು. ಅದಕ್ಕೇ ಕ್ಯಾಲಿಪರ್. ಮಗ ಕಾಲೇಜಿಗೆ ಹೋದದ್ದೇ ತಡ, ಕರಿಬಸವರಾಜ ಕೊಟ್ಟಿಗೆಯಲ್ಲಿ ಪಂಚೆ ಎತ್ತಿ ಕಟ್ಟಿದ. ಎಂಜಿನ್ನಿಗೆ ಬಳಿಯುವ, ಶಾಖ ತಡೆಯುವ ಕೆಂಪು ಬಣ್ಣವನ್ನು, ಹಿಂದಿನ ದಿನ ಮತ್ತೆ ಹರಿಹರಕ್ಕೆ ಹೋಗಿ ಕೇಳಿದಾಗ, ಹಯಾತ್ ಸಾಬನೇ ಕೊಟ್ಟಿದ್ದ. ಜಾಕ್ ಕೊಟ್ಟು, ಕಾರಿನ ಅಡಿಯಲ್ಲಿ ಕಲ್ಲು ಇಟ್ಟು, ಚಕ್ರ ಬಿಚ್ಚಿದ. ತಂತಿ ಬ್ರಷ್ಷಿನಲ್ಲಿ ತುಕ್ಕು ಕೆರೆದ. ತಟ್ಟೆಗೆ ಬಣ್ಣ ತಾಗಬಾರದು, ರಬ್ಬರಿಗೆ ತಾಗಬಾರದು ಅಂತ ಸಾಬ ಹೇಳಿದ್ದನ್ನು ನೆನೆಸಿಕೊಂಡು ಹಳೇ ಪೇಪರು ಹರಿದು ಸುತ್ತಿದ. ಆಮೇಲೆ ಕಡ್ಡಿಗೆ ಬಟ್ಟೆ ಸುತ್ತಿ, ನಲವತ್ತು ವರ್ಷ ಕೊಂಬಿಗೆ ಹಚ್ಚಿದ ಕೈಯಲ್ಲೇ, ಬುಡದಿಂದ ತುದಿಗೆ ಒಂದೊಂದೇ ಎಳೆ ಎಳೆದ. ಒಂದು ಸಲ ಒಣಗಿಸಿ ಇನ್ನೊಂದು ಸಲ. ಎಷ್ಟು ಚೆಂದ ಬಂತು ಅಂತೀರಿ!

ಹೆಂಡತಿ ಸರ್ವಮಂಗಳಮ್ಮ ಮೊರ ಹಿಡಿದು ಬಂದವಳು ಹತ್ತಿರ ಬಗ್ಗಿದಳು.

“ಏ, ಪಕ್ಕಕ್ಕೆ ಸರಿ, ಒದ್ದೀತು” ಅಂದ ಕರಿಬಸವರಾಜ.

“ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ. ನಮ್ಮ ಮನಿ ನೋಡಿಯೇ ಗಾದೆ ಕಟ್ಟಿರಬೇಕು. ಕೊಂಬಿಗಾದ್ರೆ ಬಣ್ಣ, ನಾಕು ಜನ ನೋಡ್ತಾರೆ. ಚಕ್ರದ ಸಂದಿಗೆ ಬಳಿದ್ರೆ ಯಾರಿಗೆ ಕಾಣ್ತೈತ್ರಿ?”

“ಅದಕ್ಕೆ ಗೊತ್ತಿರ್ತೈತೆ” ಅಂದ. ಸರ್ವಮಂಗಳಮ್ಮ ಹಣೆ ಚಚ್ಚಿಕೊಂಡು ಒಳಗೆ ಹೋದಳು. ಹೋಗುವಾಗ ಗ್ವಾದ್ಲಿಯ ಬುಡದಲ್ಲಿ ತೆರೆದಿಟ್ಟಿದ್ದ ಬಣ್ಣದ ಡಬ್ಬಿಯನ್ನು ತುಳಿಯದಂತೆ ಸುತ್ತಿ ಹೋದಳು ಅನ್ನುವುದನ್ನೂ ಹೇಳಬೇಕು. ಅವಳಿಗೂ ಒಳಗೊಳಗೆ ಆಸೆ.

ಹುಣ್ಣಿಮೆಯ ಬೆಳಿಗ್ಗೆ ಮತ್ತೆ ಚಕ್ರ ಬಿಚ್ಚಿ ಪೂಜೆ. ಎರಡೂ ಕ್ಯಾಲಿಪರಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದ, ಕುಂಕುಮ ಇಟ್ಟ, ಕಣಗಿಲೆ ಹೂ ಸಿಕ್ಕಿಸಿದ. ಹೋಳಿಗೆ ಎಡೆ ಇಟ್ಟು, ಕಾಯಿ ಒಡೆದು, ಹಣೆ ಮುಟ್ಟಿಸಿ ನಮಸ್ಕಾರ ಮಾಡಿದ. “ಬಸವಣ್ಣ, ಇವತ್ತೊಂದು ದಿನ ಮನಿ ಮರ್ಯಾದೆ ಉಳಿಸಪ್ಪ” ಅಂತ ಬೇಡಿಕೊಂಡ. ಚಕ್ರ ಕೂಡಿಸಿದ ಮೇಲೆ ತೂತುಗಳೊಳಗಿಂದ ಕೆಂಪು ಇಣುಕುತ್ತಿತ್ತು. ವೀರೇಶ್ ನೋಡಿದ, ಬಾಯಿ ತೆರೆದ, ಅವ್ವನ ಮುಖ ನೋಡಿ ಮುಚ್ಚಿಕೊಂಡ. ಮೈಗಂತೂ ಹಚ್ಚಿರಲಿಲ್ಲವಲ್ಲ.

ಸಂಜೆ ಅಗಸೆಯ ಮುಂದೆ ಓಣಿಗೆ ಓಣಿಯೇ ಸೇರಿತ್ತು. ಗೆಜ್ಜೆ, ಬೆನ್ನಿಗೆ ಹೊದಿಸುವ ಜೂಲು, ಬಲೂನು ಕಟ್ಟಿದ ಎತ್ತುಗಳ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ, ಎತ್ತು ಹಿಡಿದು ತರುವ ಹಾಗೆ ಓಣಿ ಹುಡುಗರು ತಳ್ಳಿಕೊಂಡು ತಂದ ಬಿಳಿ ಮಾರುತಿ. ಹಿಂದಿದ್ದ ಕೆಂದೆತ್ತೊಂದು ಅದರ ಡಿಕ್ಕಿ ಮೂಸಿ ನೋಡಿ, ಇದು ನಮ್ಮ ಪೈಕಿ ಅಲ್ಲ ಅಂತ ಸೀನಿತು. ದುರುಗಣ್ಣ ಕಟ್ಟೆ ಹತ್ತಿ, ಕಿವಿಗೆ ಕೈ ಇಟ್ಟು ಕೂಗಿದ.

“ದೊಡ್ಡ ಗ್ವಾದ್ಲಿ ಮನಿ ಎತ್ತು ಬಂತಾ?”

ಕರಿಬಸವರಾಜ ‘ಟ್ಟ ಟ್ಟ’ ಅಂದು ಗೇರು ಹಾಕಿದ. ಕಾರು ಇಳಿಜಾರಿನಲ್ಲಿ ಹೊರಟಿತು. ಕಿಟಕಿಯಿಂದ ತಲೆ ಹೊರಹಾಕಿ, ಮುತ್ತಜ್ಜನಿಗೂ ಕೇಳುವ ಹಾಗೆ ಕೂಗಿದ: “ಬಂತು!”

ಬಂತು ಅಂದರೆ ಬಂತು, ಬರುತ್ತಲೇ ಇತ್ತು. ಹತ್ತು ಮಾರಿನ ಗುರುತಿಗೆ ಸುರಿದ ಸುಣ್ಣದ ಗೆರೆ ಕಂಡಿತು. ಕರಿಬಸವರಾಜ ಬ್ರೇಕಿನ ಕಡೆ ಕಾಲು ಎತ್ತಿದ. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ‘ಕಾಲಿಟ್ರೆ ಆ ಒತ್ತು ಸೀದಾ ಇದರ ಮೇಲೇ ಬೀಳೋದು’ ಅಂದಿದ್ದನಲ್ಲ ಹಯಾತ್ ಸಾಬ್! ಬೆಳಿಗ್ಗೆ ಹಣೆ ಮುಟ್ಟಿಸಿದ ಬಸವಣ್ಣ, ವಿಭೂತಿ ಹಚ್ಚಿದ ಬಸವಣ್ಣ, ಅದರ ಮೇಲೆ ಕಾಲಿಡುವುದೇ? ಅದೂ ಚಪ್ಪಲಿ ಕಾಲು? ಶಿವ ಶಿವಾ! ಅವನ ಹುಟ್ಟಿಗೇ ಆಗದ ಕೆಲಸ ಅದು.

“ಹೋ! ಹೋ ಬೆಳ್ಳ್ಯಾ! ಹೋ!” ಅಂತ ಅರಚುತ್ತ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಎದೆಗೆ ಜಗ್ಗಿದ. ಹಗ್ಗ ಜಗ್ಗಿದರೆ ಎತ್ತು ನಿಲ್ಲುತ್ತದೆ, ಸ್ಟೇರಿಂಗ್ ಜಗ್ಗಿದರೆ ಏನು ನಿಲ್ಲುತ್ತದೆ? ಜನ ದಿಕ್ಕಾಪಾಲಾದರು. ಸುಣ್ಣದ ಗೆರೆ ಹೋಯಿತು, ಕರಿ ಪಟಾರನೆ ಹರಿಯಿತು. ಬೇವಿನೆಲೆ, ಕೊಬ್ಬರಿ ಬಟ್ಟಲು ಎಲ್ಲ ಗಾಜಿನ ಮೇಲೆ ಹೊದ್ದುಕೊಂಡು ಕಾರು ಅಗಸೆ ದಾಟಿ, ಎಡಕ್ಕೆ ತಿರುಗಿ, ಅಗಸೆ ಪಕ್ಕದ ಮನೆಯ ಕಮಲಕ್ಕನ ತಿಪ್ಪೆಗೆ ಮೂತಿ ತುರುಕಿ ಉಸಿರು ಬಿಟ್ಟಿತು. ಯಾರಿಗೂ ಒಂದು ಗಾಯ ಆಗಲಿಲ್ಲ. ಕಮಲಕ್ಕ ಮಾತ್ರ ಸೊಂಟಕ್ಕೆ ಕೈ ಇಟ್ಟು, “ಗೊಬ್ಬರ ಬೇಕಿದ್ರೆ ಬುಟ್ಟಿ ತಗಂಡು ಬರಬಾರದೇನ್ರಿ?” ಅಂದಳು.

ಆಮೇಲೆ ಗದ್ದಲವೋ ಗದ್ದಲ. ಬಿಳಿ ಕಾರು ಹರಿದಿದೆ, ಆದ್ದರಿಂದ ಜೋಳ ಬಿತ್ತಬೇಕು ಅಂತ ಒಬ್ಬ. ಒಳಗೆ ಕೆಂಪಿದೆ, ಅದಕ್ಕೇ ರಾಗಿ ಅಂತ ಇನ್ನೊಬ್ಬ. ಸೈಟು ಮಾಡಿಕೊಂಡವರೂ ಏನು ಬಿತ್ತಬೇಕು ಅಂತ ಜಗಳಕ್ಕೆ ನಿಂತರು. ಹಿರಿಯರು ಎಲ್ಲರ ಬಾಯಿ ಮುಚ್ಚಿಸಿ ಒಂದು ಮಾತು ಹೇಳಿದರು: ಗೆರೆಗೆ ನಿಲ್ಲಲಿಲ್ಲ ಅಂದರೆ ಬ್ರೇಕ್ ಕೆಟ್ಟಿದೆ, ಬ್ರೇಕ್ ಕೆಟ್ಟ ಗಾಡಿ ಹರಿದದ್ದು ಲೆಕ್ಕಕ್ಕಿಲ್ಲ. ಗಾಡಿ ಗಾಡಿಯೇ. ದೊಡ್ಡ ಗ್ವಾದ್ಲಿ ಮನೆಯ ಎತ್ತು ಬಂದಿಲ್ಲ. ಮುಂದಿನ ವರ್ಷದಿಂದ ಆ ಹೆಸರು ಕೂಗುವಂತಿಲ್ಲ.

ಕರಿಬಸವರಾಜ ತಿಪ್ಪೆಯಿಂದ ಕಾರು ಎಳೆಸಿಕೊಂಡು ಹೊರಟ. ಮನೆಗೆ ಬಂದು ಗ್ವಾದ್ಲಿಯ ಅಂಚಿನ ಮೇಲೆ ಕೂತ. ಹೋಳಿಗೆ ತಟ್ಟೆಯಲ್ಲೇ ಉಳಿಯಿತು. ವೀರೇಶನ ಸಿಟ್ಟು ಮಾತ್ರ ಹಯಾತ್ ಸಾಬನ ಮೇಲೆ ತಿರುಗಿತು. “ಆ ಸಾಬ ಏನೋ ಬಿಚ್ಚಿ ಬ್ರೇಕ್ ಕೆಡಿಸ್ಯಾನೆ” ಅಂತ ಕಂಡಕಂಡವರಿಗೆ ಹೇಳಿದ. ಮಾತಿಗೆ ಕಾಲಿಲ್ಲದಿದ್ದರೂ ಹರಿಹರದವರೆಗೆ ನಡೆದುಕೊಂಡು ಹೋಯಿತು.

ಮರುದಿನ ಬೆಳಿಗ್ಗೆಯೇ ಹಯಾತ್ ಸಾಬ್ ಮೊಪೆಡ್ ಏರಿ ಬಂದ. ಮುಖ ಸಣ್ಣದಾಗಿತ್ತು. ದುರುಗಣ್ಣನ ಕಟ್ಟೆಯ ಹತ್ತಿರ ಹತ್ತಿಪ್ಪತ್ತು ಜನ ಸೇರಿದ್ದರು. “ನಲವತ್ತು ವರ್ಷದ ಹೆಸರು ಖರಾಬ್ ಆಯ್ತಲ್ರಿ. ಗಾಡಿ ತರ್ರಿ, ಎಲ್ಲರ ಎದುರಿಗೇ ನೋಡ್ತೀನಿ” ಅಂದ. ಚಕ್ರ ಬಿಚ್ಚಿದ. ಬಣ್ಣ ಕಂಡು ತಟ್ಟೆಯ ಅಂಚನ್ನು ಬೆರಳಿಂದ ಸವರಿ ನೋಡಿದ. “ತಟ್ಟೆಗೆ ಒಂದು ಚುಕ್ಕಿ ತಾಗಿಲ್ಲ. ಮಾಷಾ ಅಲ್ಲಾ, ನಾನೂ ಇಷ್ಟು ಚೊಕ್ಕ ಹಚ್ಚಲ್ಲ” ಅಂದ. ಚಕ್ರ ಕೂಡಿಸಿ, ರಸ್ತೆಯ ಮೇಲೆ ಒಂದು ನಿಂಬೆಹಣ್ಣು ಇಟ್ಟು, ಕಾರನ್ನು ಅದೇ ಇಳಿಜಾರಿನಲ್ಲಿ ಓಡಿಸಿಕೊಂಡು ಬಂದು ಬ್ರೇಕ್ ಒತ್ತಿದ. ಕಾರು ನಿಂಬೆಹಣ್ಣಿಗೆ ಒಂದು ಗೇಣು ಹಿಂದೆ ಖಡಕ್ಕಾಗಿ ನಿಂತಿತು.

“ಬ್ರೇಕ್ ಸರಿ ಐತೆ. ಸಾವ್ಕಾರ್ರೆ, ನೀವೇ ಹೇಳ್ರಿ. ತುಳಿದ್ರಾ, ಇಲ್ಲಾ?”

ಎಲ್ಲರೂ ಕರಿಬಸವರಾಜನ ಕಡೆ ತಿರುಗಿದರು. ಸಾಬನ ಹೆಸರು ಹಾಳಾಗಲಿ ಅಂತ ‘ತುಳಿದೆ’ ಅಂದುಬಿಟ್ಟರೆ ಇವನ ಮಾನ ಉಳಿಯುತ್ತಿತ್ತು, ಕೆಟ್ಟಿದ್ದ ಬ್ರೇಕನ್ನು ಸಾಬ ಈಗ ಚಕ್ರ ಬಿಚ್ಚಿದಾಗ ಸರಿಮಾಡಿದ ಅಂತಲೇ ಊರು ನಂಬುತ್ತಿತ್ತು. ಸತ್ಯ ಹೇಳಿದರೆ ಸಾಯುವವರೆಗೂ ನಗೆಪಾಟಲು. ಅವನು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ.

“ತುಳೀಲಿಲ್ಲ.”

“ಯಾಕ್ರಿ?”

“ಬೆಳಿಗ್ಗೆ ಪೂಜೆ ಮಾಡಿದ್ನಲ್ಲಪ್ಪ. ವಿಭೂತಿ ಹಚ್ಚಿ, ಹಣೆ ಮುಟ್ಟಿಸಿದ್ದು. ಅದರ ಮ್ಯಾಲೆ ಕಾಲಿಡೋಕೆ ಮನಸ್ಸು ಬರಲಿಲ್ಲ. ಸಾಬ್ರದ್ದೇನೂ ತಪ್ಪಿಲ್ಲ. ತಪ್ಪೆಲ್ಲ ನಂದು.”

ಯಾರೋ ಕಿಸಕ್ಕೆಂದರು, ಕಟ್ಟೆಗೆ ಕಟ್ಟೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವೀರೇಶ್ ತಲೆ ತಗ್ಗಿಸಿದ. ದುರುಗಣ್ಣ ಮಾತ್ರ ನಗಲಿಲ್ಲ. ಎಲೆಯಡಿಕೆ ಉಗುಳಿ ಬಂದು, ಮೆಟ್ಟಿಲು ಹತ್ತಿ ಕೂಗುವ ಜಾಗದಲ್ಲೇ ನಿಂತ.

“ನಗೋದು ಸಾಕು ಮಾಡ್ರಿ. ನಿನ್ನೆ ನೀವೇನಂದ್ರಿ? ಬ್ರೇಕ್ ಕೆಟ್ಟೈತೆ, ಅದಕ್ಕೇ ಅದು ಗಾಡಿ ಅಂದ್ರಿ. ಬ್ರೇಕ್ ಕೆಟ್ಟಿದ್ರೆ ಗಾಡಿ, ಒಪ್ಪಿದೆ. ಆದ್ರೆ ಯಜಮಾನ ತಾನು ಬಿದ್ದು ಸತ್ರೂ ಚಿಂತಿಲ್ಲ, ಅದನ್ನ ಕಾಲಿಂದ ತುಳಿಯಲ್ಲ ಅಂದ್ರೆ, ಅದು ಎತ್ತಲ್ದೆ ಮತ್ತೇನ್ರಪ್ಪ? ಈ ಓಣಿಯಾಗೆ ನಾಕು ಕಾಲಿನ ಎತ್ತಿಗೆ ಬಾರುಕೋಲಾಗೆ ಬಾರಿಸೋರು ಎಷ್ಟು ಜನ ಇದೀರಿ, ನನಗೆ ಗೊತ್ತೈತೆ. ನ್ಯಾಯವಾಗಿ ನೋಡಿದ್ರೆ ನಿನ್ನೆ ಬಂದದ್ದು ಅದೊಂದೇ ಎತ್ತು.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಆಯ್ತಪ್ಪ, ಮುಂದಿನ ವರ್ಷಾನೂ ಆ ಹೆಸರು ಕೂಗು” ಅಂದರು. ಕರಿಬಸವರಾಜ ಮಗುವಿನ ಹಾಗೆ ಅತ್ತುಬಿಟ್ಟ. ಹಯಾತ್ ಸಾಬ್ ಅವನ ಬೆನ್ನು ಸವರುತ್ತ, “ಸಾವ್ಕಾರ್ರೆ, ಮುಂದಿನ ಸಲ ಕ್ಷಮೆ ಕೇಳಿಕೊಂಡಾದ್ರೂ ತುಳೀರಿ” ಅಂದ.

ಆ ಮಾತು ಇವನಿಗೆ ಸರಿ ಕಂಡಿತು. ಅವತ್ತಿನಿಂದ ಕರಿಬಸವರಾಜ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಕಾರು ಓಡಿಸುತ್ತಾನೆ. ಬ್ರೇಕ್ ಒತ್ತಿದಾಗಲೆಲ್ಲ ಬಲಗೈಯನ್ನು ಹಣೆಗೆ ಮುಟ್ಟಿಸಿ “ತಪ್ಪಾತಪ್ಪ” ಅನ್ನುತ್ತಾನೆ. ಪೇಟೆಯ ಆ ಪೊಲೀಸಿನವನು ತನಗೇ ಸಲ್ಯೂಟು ಹೊಡೆಯುತ್ತಾನೆ ಅಂತ ತಿಳಿದು ಈಗ ತಾನೂ ತಿರುಗಿ ಹೊಡೆಯುತ್ತಾನೆ. ಡಬ್ಬಿಯಲ್ಲಿ ಉಳಿದ ಬಣ್ಣ ತಗೊಂಡು ಹರಿಹರಕ್ಕೂ ಹೋಗಿ ಬಂದ. ಕೊಟ್ರವ್ವ ಚಹಾ ಕೊಟ್ಟು, “ನಿಮ್ಮ ಎತ್ತಿನ ಕೊಂಬಿಗೆ ನೀವೇ ಹಚ್ಚಿ ಹೋಗ್ರಿ ಅಣ್ಣ” ಅಂದಳು. ಬೆಳ್ಳ್ಯ ಈ ಸಲ ಅವನ ಪಂಚೆಯ ತುದಿ ಅಗಿಯಿತು.

ಮರುವರ್ಷದ ಕಾರಹುಣ್ಣಿಮೆ. ಮಾರುತಿಯ ಕ್ಯಾಲಿಪರಿಗೆ ಹೊಸ ಕೆಂಪು, ಹೊಸ ವಿಭೂತಿ. ಅಗಸೆಯ ಮುಂದೆ ಎತ್ತುಗಳ ಸಾಲು, ಕಟ್ಟೆಯ ಮೇಲೆ ದುರುಗಣ್ಣ. ಕಮಲಕ್ಕ ತಿಪ್ಪೆಯ ಮುಂದೆ ಹಳೇ ನೊಗ ಅಡ್ಡ ಇಟ್ಟು ಕಾವಲು ನಿಂತಿದ್ದಳು.

“ದೊಡ್ಡ ಗ್ವಾದ್ಲಿ ಮನಿ ಎತ್ತು ಬಂತಾ?”

ಕರಿಬಸವರಾಜ ಕಿಟಕಿಯಿಂದ ತಲೆ ಹೊರಹಾಕಿ ಬಾಯಿ ತೆರೆದ. ಉತ್ತರ ಕೊಡಲು ಅವನಿಗೆ ಅವಕಾಶವೇ ಸಿಗಲಿಲ್ಲ. ಮಕ್ಕಳನ್ನು ಕಂಕುಳಿಗೆ ಎತ್ತಿಕೊಂಡು, ಪಂಚೆ ಸೀರೆ ಮೇಲಕ್ಕೆ ಕಟ್ಟಿ, ಜಗಲಿ ಜಗಲಿ ಹತ್ತುತ್ತ ಇಡೀ ಓಣಿಯೇ ಒಂದೇ ಉಸಿರಿನಲ್ಲಿ ಕೂಗಿತು:

“ಬಂತು! ಬಂತು! ದಾರಿ ಬಿಡ್ರೋ!”